ಮೂರನೇ ಅಂಕದ ಅಳತೆಗಾರ

ಪರದೆ ಏರಿದ ಆರುನೂರ ಹದಿಮೂರನೆಯ ವರ್ಷ, ಹದಿನೇಳನೆಯ ತಿಂಗಳಿನ ನಲವತ್ತನೆಯ ದಿನ. ಮೊದಲ ಗಂಟೆ ಬಾರಿಸಿ ಆಗಿದೆ. ಎರಡನೆಯದು ಇನ್ನೂ ಬಾರಿಸಿಲ್ಲ.

ಗದಗಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾ, ರಜೆಯಲ್ಲಿ ನಾಟಕ ಕಂಪನಿಗೆ ನಾಟಕ ಬರೆದುಕೊಡುವ ನೀಲಾಂಬಿಕಾ ಬಡಿಗೇರ ಅಕ್ಕೋರಿಗೆ, ತಾವು ಬರೆದ ಮಾತುಗಳನ್ನು ಇಪ್ಪತ್ತೈದು ತಲೆಮಾರಿನ ಆಚೆ ಇನ್ನೂ ಗಂಟಲು ಹರಿಯುವಂತೆ ಆಡುತ್ತಿರುವ ರಾಜಪಾರ್ಟಿನ ದುಂಡೆಪ್ಪನ ಸಾಷ್ಟಾಂಗ ನಮಸ್ಕಾರಗಳು.

ಮೊದಲು ಕ್ಷಮೆ ಕೇಳುತ್ತೇನೆ. ಮೇಲಿನ ತಾರೀಖನ್ನು ನಿಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ. ಅಂಥ ಕ್ಯಾಲೆಂಡರು ಮುದ್ರಿಸುವವನ ಮುತ್ತಜ್ಜನೂ ಇನ್ನೂ ಹುಟ್ಟಿಲ್ಲ. ನನ್ನ ಮಾತು ನಿಮಗೆ ವಿಚಿತ್ರವೆನಿಸಬಹುದು. ಕೆಲವು ಪದಗಳನ್ನು ನೀವು ಕೇಳಿಯೇ ಇರಲಾರಿರಿ. ಇನ್ನು ಕೆಲವು ನಿಮ್ಮವೇ, ಆದರೆ ಆರುನೂರು ವರ್ಷ ಬಾಯಿಂದ ಬಾಯಿಗೆ ಉರುಳಿ ಅವುಗಳ ಮೂಗು ಕಿವಿ ಸವೆದುಹೋಗಿವೆ. ಇಡೀ ಓಲೆ ಯಾವುದೋ ಹಳೆಯ ಕಂಪನಿ ನಾಟಕದ ಹಾಗೆ ಮೊಳಗಿದರೆ ಅದಕ್ಕೆ ನೀವೇ ಹೊಣೆ, ತಾಯಿ! ನಮಗೆ ಕನ್ನಡ ಉಳಿದದ್ದೇ ನಿಮ್ಮ ನಾಟಕಗಳಲ್ಲಿ. ಇಲ್ಲಿ ಒಂದು ಹಿಡಿ ಉಪ್ಪು ಕೇಳುವವನೂ ಅರ್ಧ ಮಾತನ್ನು ಸಿಂಹಾಸನದ ಮೇಲೆ ಕೂತವನಂತೆ ಆಡುತ್ತಾನೆ.

ಓಲೆ ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ಕೇಳಬೇಡಿ, ಏಕೆಂದರೆ ಉತ್ತರ ನಿಮಗೇ ಗೊತ್ತು. ಒಂದು ಕಣ ಇಲ್ಲಿಂದ ಅಲ್ಲಿಗೆ ಹೋಗುವಾಗ ಇರುವ ದಾರಿಗಳಲ್ಲೆಲ್ಲ ಹೋಗುತ್ತದೆ ಎಂದು ನೀವೇ ಬರೆದಿದ್ದೀರಿ. ಆ ದಾರಿಗಳಲ್ಲಿ ಕೆಲವು ಹಿಂದಕ್ಕೆ ತಿರುಗುತ್ತವೆ. ಅವುಗಳ ಬೆನ್ನ ಮೇಲೆ ಮಾತು ಕಟ್ಟಿ ಬಿಡುವುದನ್ನು ನನ್ನ ಮಗಳು ಸಾವಂತ್ರಿ ನನಗೆ ಕಲಿಸಿದಳು. ಸಾವಿರ ಓಲೆ ಬಿಟ್ಟರೆ ಒಂದು ಮುಟ್ಟಬಹುದು, ಮುಟ್ಟದೆಯೂ ಇರಬಹುದು. ನನ್ನ ಬಳಿ ಸಾವಿರ ಓಲೆಯ ಹೊತ್ತಿಲ್ಲ. ಮೂರನೇ ಗಂಟೆ ಬಾರಿಸಿದ ಕೂಡಲೇ ನನ್ನ ಸಾವಂತ್ರಿಯನ್ನು ಗೋಡೆಯೊಳಗೆ ಜೀವಂತ ಮುಚ್ಚುತ್ತಾರೆ. ಅವಳ ಹಿಂದೆ ಇಡೀ ಊರು ಸಾಯುತ್ತದೆ. ಇದಕ್ಕೆಲ್ಲ ಕಾರಣ ನಾನು. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ನಾವಿರುವುದು ಒಂದು ಮಹಾಗ್ರಹದ ಸುತ್ತ ತಿರುಗುವ ಹಿಮಚಂದ್ರನ ಹೊಟ್ಟೆಯಲ್ಲಿ. ಮೇಲೆ ಮೂರು ಹರದಾರಿ ಮಂಜುಗಡ್ಡೆ, ಕೆಳಗೆ ತಳ ಕಾಣದ ಕಪ್ಪು ನೀರು, ನಡುವಿನ ಪೊಳ್ಳಿನಲ್ಲಿ ನಾಲ್ಕು ಸಾವಿರದ ಇನ್ನೂರು ಜನ. ಊರಿಗೆ ಹೊಸ ಡೇರೆ ಎಂದು ಹೆಸರಿಟ್ಟವರು ನಿಮ್ಮ ಕಂಪನಿಯ ಮರಿಮಕ್ಕಳ ಮರಿಮಕ್ಕಳು. ಡೇರೆ ಹೊಡೆದು ನಾಟಕ ಆಡುವುದೊಂದೇ ಅವರಿಗೆ ಗೊತ್ತಿದ್ದ ಸಂಸಾರ. ನಮ್ಮ ಗಾಳಿಯನ್ನು ಕಾಯುವ ಗೋಡೆಗೆ ಪರದೆ ಎನ್ನುತ್ತೇವೆ. ಅದಕ್ಕೆ ಎರಡು ಮುಖ. ಊರ ಕಡೆಗಿನದು ಮುಮ್ಮುಖ, ಹಿಮದ ಕಡೆಗಿನದು ಹಿಮ್ಮುಖ, ಎರಡರ ನಡುವೆ ಮುನ್ನೂರು ಮೊಳ ದಪ್ಪದ ನಡುಪದರ. ಮುಮ್ಮುಖದ ಮೇಲೆ ಕಣ್ಣಿಗೆ ಕಾಣದ ಕಣಗಳು ಬಲಕ್ಕೆ ಮಾತ್ರ ಓಡುತ್ತವೆ, ಅವರು ಬಲಗಾರರು. ಹಿಮ್ಮುಖದ ಮೇಲೆ ಎಡಕ್ಕೆ ಮಾತ್ರ ಓಡುವವರು ಎಡಗಾರರು. ಈ ಓಟ ಇರುವ ತನಕ ಪರದೆ ಬಿಗಿ, ಊರಿಗೆ ಉಸಿರು. ಪರದೆ ಸ್ವಲ್ಪ ಜೋಲಿದಾಗಲೆಲ್ಲ ಅದಕ್ಕೆ ವಿದ್ಯುತ್ತಿನ ಒಂದು ತಳ್ಳು ಕೊಡುತ್ತೇವೆ. ಅದಕ್ಕೆ ಒತ್ತು ಎಂದು ಹೆಸರು. ದಿನಕ್ಕೆ ಮೂರು ಒತ್ತು, ಚಳಿಗಾಲದಲ್ಲಿ ಒಂಬತ್ತು. ಒತ್ತು ಕೊಡುವಾಗ ನೆಲ ಸಣ್ಣಗೆ ಗುಂಯ್‌ಗುಡುತ್ತದೆ. ನಮ್ಮ ಹೆಂಗಸರು ಆ ಗುಂಯ್‌ಗುಡುವಿಕೆಗೆ ಶ್ರುತಿ ಹಿಡಿದು ಹಾವಸೆಯ ಹಿಟ್ಟಿನ ರೊಟ್ಟಿ ತಟ್ಟುತ್ತಾರೆ.

ಪುಸ್ತಕಗಳೇನಾದವು ಎಂದು ನೀವು ಕೇಳುವಿರಿ. ಇಲ್ಲಿಗೆ ಬಂದ ನೂರನೆಯ ವರ್ಷದಲ್ಲಿ ಮಹಾಗ್ರಹದಿಂದ ಒಂದು ಕೆಟ್ಟ ಬೆಳಕು ಬೀಸಿ ಯಂತ್ರಗಳ ನೆನಪೆಲ್ಲ ಅಳಿಸಿಹೋಯಿತು. ಅದನ್ನು ಮಂಕು ಎನ್ನುತ್ತೇವೆ. ಕಾಗದ ಅದಕ್ಕೂ ಮೊದಲೇ ತೇವಕ್ಕೆ ಕೊಳೆತಿತ್ತು. ಉಳಿದದ್ದು ಗಂಟಲೊಂದೇ, ಗಂಟಲಲ್ಲಿ ನಿಮ್ಮ ನಾಟಕ. ಹಿರಿಯರು ಶಪಥ ಮಾಡಿದರು: ಇನ್ನು ಮೇಲೆ ಏನನ್ನೂ ಬರೆದಿಡುವುದಿಲ್ಲ, ಬಾಯಲ್ಲೇ ಕಾಯುತ್ತೇವೆ. ಅಕ್ಷರ ಮರೆಯಲಿಲ್ಲ, ಬರೆದಿಡುವುದನ್ನಷ್ಟೇ ಬಿಟ್ಟೆವು, ಈ ಓಲೆ ನಾನು ಆ ಶಪಥ ಮುರಿದು ಬರೆದದ್ದು. ಅಂದಿನಿಂದ ನಮ್ಮ ಶಾಲೆ, ಶಾಸ್ತ್ರ, ನ್ಯಾಯ ಎಲ್ಲವೂ ‘ಸರ್ವಪಥ ಸಾಮ್ರಾಜ್ಯ’ ಎಂಬ ನಿಮ್ಮ ನಾಟಕವೇ. ಪ್ರತಿ ನಾಂದಿಯಲ್ಲೂ ನಿಮ್ಮ ಹೆಸರು ಹಾಡುತ್ತೇವೆ. ಯಾರಾದರೂ ಹೊಸ ಮಾತು ತಂದರೆ ಪಂಚರು ಕೇಳುವ ಪ್ರಶ್ನೆ ಒಂದೇ: “ನಾಟಕದಾಗ ಐತೇನು?” ಇದ್ದರೆ ಸತ್ಯ. ಇಲ್ಲದಿದ್ದರೆ ಮನೆಗೆ ಹೋಗು. ಇನ್ನೊಂದು ಕಟ್ಟುನಿಟ್ಟು ಇದೆ. ಅದು ನಿಮ್ಮ ಕಂಪನಿಯಿಂದಲೇ ಬಂದದ್ದು. ಪ್ರತಿ ನಟನಿಗೆ ಅವನ ಮಾತಷ್ಟೇ ಬಾಯಿಪಾಠ, ಜೊತೆಗೆ ಅವನ ಸರದಿ ಬಂತೆಂದು ತಿಳಿಯಲು ಹಿಂದಿನವನ ಕೊನೆಯ ಮಾತು, ಅದು ಎತ್ತುಗಡೆ. ಇನ್ನೊಬ್ಬನ ಪಾತ್ರವನ್ನು ಕಲಿಯುವುದು ಇನ್ನೊಬ್ಬನ ಊಟದ ತಟ್ಟೆಗೆ ಕೈ ಹಾಕಿದ ಹಾಗೆ. ಪಾತ್ರ ಶಿಷ್ಯನಿಗೆ ಹೋಗಬೇಕು. ಶಿಷ್ಯನಿಲ್ಲದಿದ್ದರೆ ನಟನ ಜೊತೆ ಮಣ್ಣಿಗೆ ಹೋಗುತ್ತದೆ.

ನಿಮ್ಮ ಮೊದಲ ಅಂಕವನ್ನು ನೀವು ಇಲ್ಲಿ ನೋಡಬೇಕಿತ್ತು! ದೂತನೊಬ್ಬ ಬಾಗಿಲಿನಿಂದ ಸಿಂಹಾಸನಕ್ಕೆ ಹೋಗಬೇಕು. ಒಬ್ಬನೇ ದೂತ, ಆದರೆ ನಲವತ್ತು ನಟರು ನಲವತ್ತು ದಾರಿ ಹಿಡಿಯುತ್ತಾರೆ: ಒಬ್ಬ ನೆಟ್ಟಗೆ, ಒಬ್ಬ ಅಟ್ಟದ ಮೇಲಿಂದ, ಒಬ್ಬ ಪ್ರೇಕ್ಷಕರ ತೊಡೆ ದಾಟಿ, ಒಬ್ಬ ಹಿಂದಕ್ಕೆ ಓಡಿ ಮತ್ತೆ ಮುಂದಕ್ಕೆ. ಪ್ರತಿಯೊಬ್ಬನ ಕೈಯಲ್ಲೂ ತಾಳ. ತಾಳ ತಾಳ ಕೂಡಿದಲ್ಲಿ ಡೇರೆ ಅದುರುತ್ತದೆ, ತಾಳ ತಪ್ಪಿದಲ್ಲಿ ಒಂದರ ಸದ್ದನ್ನು ಇನ್ನೊಂದು ನುಂಗುತ್ತದೆ. ಕೊನೆಗೆ ನೆಟ್ಟಗಿನ ದಾರಿಯ ಆಸುಪಾಸಿನ ಸದ್ದೇ ಉಳಿದು, ದೂತ ನೆಟ್ಟಗೆ ಬಂದ ಎಂದು ಕಿವಿ ನಂಬುತ್ತದೆ. ಕ್ವಾಂಟಂ ಕ್ಷೇತ್ರದ ಪಥಸಂಕಲನ ಎಂದು ನೀವು ಬೋರ್ಡಿನ ಮೇಲೆ ಬರೆಯುವುದನ್ನು ನಮ್ಮ ಆರು ವರ್ಷದ ಮಕ್ಕಳು ಕುಣಿದು ಕಲಿಯುತ್ತವೆ. ಎರಡನೇ ಅಂಕದಲ್ಲಿ ನನ್ನ ಪ್ರವೇಶ. ಸಮಾಂಗ ಮಹಾರಾಜ! ಕನ್ನಡಿಯಲ್ಲಿ ನೋಡಿದರೂ ನನ್ನ ರಾಜ್ಯದ ಕಟ್ಟಳೆ ಅದೇ. ಬಲಗಾರರಿಗೂ ಎಡಗಾರರಿಗೂ ಒಂದೇ ನ್ಯಾಯ. ಅವರ ಸಂಖ್ಯೆ ಇವರಿಗೆ ಹೋಗದು, ಇವರದು ಅವರಿಗೆ ಬಾರದು. ಸಿಡಿಲಿನಂಥ ಮಾತು. ಚಪ್ಪಾಳೆ.

ಆ ಮಾತನ್ನು ಈ ಜನ ಎಷ್ಟು ನಂಬಿದರೆಂದರೆ ಬದುಕನ್ನೇ ಕನ್ನಡಿ ಮಾಡಿಕೊಂಡರು. ಪ್ರತಿ ಮನೆಗೂ ಎರಡು ಬಾಗಿಲು. ಬೆಸ ದಿನ ಎಡಬಾಗಿಲು, ಸರಿ ದಿನ ಬಲಬಾಗಿಲು. ತಪ್ಪಿ ಹೊಕ್ಕವನು ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ಮಕ್ಕಳಿಗೆ ಎರಡೂ ಕೈಯಲ್ಲಿ ಉಣ್ಣಲು ಕಲಿಸುತ್ತೇವೆ. ಒಂದೇ ಕೈ ಓಡಿಸುವ ಮಗುವನ್ನು ಓರೆಗೈ ಎಂದು ಆಡಿಕೊಳ್ಳುತ್ತೇವೆ. ಮದುವೆಯಲ್ಲಿ ಮದುಮಕ್ಕಳು ನಡುವೆ ಎದ್ದು ಜಾಗ ಬದಲಿಸುತ್ತಾರೆ, ಹೆಣವನ್ನು ಎರಡು ಸಲ ತಿರುಗಿಸಿ ಇಡುತ್ತೇವೆ. ಜಗಳವಾಡುವ ಅತ್ತೆ ಸೊಸೆಯರೂ ಎರಡು ಬೈಗಳಿಗೆ ಎರಡೇ ಬೈಗಳು ತಿರುಗಿಸಿ ಸುಮ್ಮನಾಗುತ್ತಾರೆ. ನಗಬೇಡಿ ಅಕ್ಕೋರೇ. ಕಟ್ಟಳೆ ಸಮವಾಗಿದ್ದರೆ ಫಲವೂ ಸಮವಾಗಿರಲೇಬೇಕು ಎಂದು ನಂಬಿದ ಜನ ಇನ್ನು ಹೇಗೆ ಬದುಕಿಯಾರು?

ಹಾಗಲ್ಲ ಎಂದು ಹೇಳಲೆಂದೇ ನೀವು ಮೂರನೇ ಅಂಕ ಬರೆದಿದ್ದಿರಿ. ಕಿರೀಟಧಾರಣೆಗೆ ಮುಂಚೆ ಒಬ್ಬ ಅಳತೆಗಾರ ಬರುತ್ತಾನೆ. ಹರಕು ಅಂಗಿ, ಹೆಗಲ ಮೇಲೆ ಗಂಟು ಗಂಟಿನ ಹಗ್ಗ, ಒಂದು ಕಡೆಯಿಂದ ಕೆಂಪು ಗಂಟು, ಇನ್ನೊಂದು ಕಡೆಯಿಂದ ಹಸಿರು. ಯುದ್ಧವಿಲ್ಲ, ಹಾಡಿಲ್ಲ. ಅವನು ಹಗ್ಗ ಹಿಡಿದು ರಂಗದ ತುಂಬ ಅಳೆಯುತ್ತಾನೆ, ರಾಜನೊಂದಿಗೆ ವಾದ ಮಾಡುತ್ತಾನೆ. ಆ ಪಾತ್ರ ಹುಸೇನಸಾಬನದು. ಹೊಸ ಡೇರೆಯಲ್ಲಿ ಅವನಷ್ಟು ಮೆಲುದನಿಯ ನಟ ಇನ್ನೊಬ್ಬನಿರಲಿಲ್ಲ. ಅವನು ಅಳೆಯಲು ನಿಂತರೆ ಜನ ಎದ್ದು ಎಲೆ ಜಗಿಯಲು ಹೊರಗೆ ಹೋಗುತ್ತಿದ್ದರು. ಅವನ ಹಿಂದೆಯೇ ನನ್ನ ಕಿರೀಟಧಾರಣೆ! ಇಪ್ಪತ್ತೆಂಟು ವರ್ಷದ ದುಂಡೆಪ್ಪ, ಎದೆಯಲ್ಲಿ ಗುಡುಗು, ಮೈಮೇಲೆ ಎಂಟು ಸೇರು ಜರತಾರಿ, ಎದುರಿಗೆ ಅರ್ಧ ಖಾಲಿ ಡೇರೆ. ಎಷ್ಟು ದಿನ ತಾಳಲಿ? ಮೂವತ್ತೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಂಪನಿಯ ಎದುರಿಗೆ ನಾನು ಆ ಪ್ರವೇಶವನ್ನು ಕಡಿದೆ. ಹುಸೇನಸಾಬ ಜಗಳ ಮಾಡಲಿಲ್ಲ. ಹಗ್ಗ ಸುತ್ತುತ್ತಾ ಹೇಳಿದ: “ರಾಜಾ, ನನ್ನ ಸೀನ್ ಕಡೀಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ಮಾಪು ಹಿಡಿಯಾಂವ ಬರದಿದ್ರ ನಿನ್ನ ಕಿರೀಟ ನೆತ್ತಿ ಮ್ಯಾಲ ನಿಲ್ಲಂಗಿಲ್ಲ, ನೋಡಕೋತ ಇರು.” ನಾನು ನಕ್ಕು, “ನಿಲ್ಲದಿದ್ರ ಗೋಂದ ಹಚ್ಚಕೋತೀನಿ ಮಾವಾ” ಎಂದೆ. ಎಲ್ಲರೂ ನಕ್ಕರು. ಆ ಸಂಜೆ ಮೊದಲ ಬಾರಿಗೆ ಡೇರೆ ತುಂಬಿತ್ತು, ಮೊದಲ ಬಾರಿಗೆ ನನಗೆ ‘ವನ್ಸ್ ಮೋರ್’ ಬಿತ್ತು. ಹುಸೇನಸಾಬ ಉಳಿದ ಆಯುಷ್ಯವೆಲ್ಲ ರಂಗದ ಪಕ್ಕದಲ್ಲಿ ಕೂತು, ಆಟ ಶುರುವಾಗುವ ಮುನ್ನಿನ ಮೂರು ಗಂಟೆ ಬಾರಿಸಿದ. ಪಾತ್ರವೇ ಇಲ್ಲದವನಿಗೆ ಶಿಷ್ಯನಾಗಿ ಯಾರು ಬಂದಾರು? ಹನ್ನೊಂದು ವರ್ಷದ ಹಿಂದೆ ಅವನು ಸತ್ತ. ಅಳತೆಗಾರನೂ ಅವನೊಂದಿಗೆ ಸತ್ತ.

ಅವನ ತೊಡೆಯ ಮೇಲೆ ಕೂತು ಗಂಟೆಯ ಸದ್ದು ಕೇಳುತ್ತಾ ಬೆಳೆದವಳು ನನ್ನ ಸಾವಂತ್ರಿ. ಅವಳಿಗೀಗ ಮೂವತ್ತೇಳು. ಮುಮ್ಮುಖದ ಬಲಗಾರರನ್ನು ಎಣಿಸುವ ಕೆಲಸ ಅವಳದು. ಎರಡು ವರ್ಷದ ಹಿಂದೆ ಆ ಎಣಿಕೆ ಶುರುವಾದ ದಿನದಿಂದಲೂ ಸಂಖ್ಯೆ ತಗ್ಗುತ್ತಾ ಬಂತು. ಊರಲ್ಲಿ ಗುಸುಗುಸು ಎದ್ದಿತು. ಬಲಗಾರರ ಸಂಖ್ಯೆ ಬದಲಾಗದು ಎಂದು ಮಹಾರಾಜ ಹೇಳಿಲ್ಲವೇ? ಹಾಗಾದರೆ ಯಾರೋ ಪರದೆಗೆ ತೂತು ಕೊರೆದಿದ್ದಾರೆ. ಎಣಿಸುವವಳಲ್ಲದೆ ಇನ್ನಾರು? ಸಾವಂತ್ರಿ ನನ್ನ ಮುಂದೆ ನೆಲದ ಮೇಲೆ ಬೀಜಗಳನ್ನಿಟ್ಟು ತೋರಿಸಿದಳು: “ಎಪ್ಪಾ, ಒಂದು ಒತ್ತಿಗೆ ಒಂದು ಪಾಲು ಕಡಿಮಿ. ಎರಡು ಒತ್ತಿಗೆ ಎರಡು. ಒಂಬತ್ತಕ್ಕ ಒಂಬತ್ತು. ಒಂದು ಸಲಾನೂ ಒಂದೂವರಿ ಆಗಿಲ್ಲ. ಕಳ್ಳತನಕ್ಕ ಇಷ್ಟು ನೇಮ ಇರತೈತೇನು? ಇದು ತೂತಲ್ಲ. ಇದು ಕಾಯ್ದೆ.”

ಎಂಟು ದಿನ ಅವಳು ನನಗೆ ಪಾಠ ಹೇಳಿದಳು. ರಾಜಪಾರ್ಟಿನವನ ದಪ್ಪ ತಲೆಗೆ ಅದು ಇಳಿದದ್ದು ಏಳನೆಯ ದಿನ. ಕಟ್ಟಳೆ ಸಮವಾಗಿರಬಹುದು, ಆದರೆ ಫಲವನ್ನು ಕೊಡುವುದು ಕಟ್ಟಳೆಯೊಂದೇ ಅಲ್ಲ. ಎಲ್ಲ ದಾರಿಗಳನ್ನೂ ಕೂಡಿಸಬೇಕು, ಕೂಡಿಸಲು ಅಳತೆ ಬೇಕು. ಎಡಗಾರರನ್ನು ಒಂದು ಕಡೆಗೂ ಬಲಗಾರರನ್ನು ಇನ್ನೊಂದು ಕಡೆಗೂ ತಿರುಗಿಸಿದ ಕೂಡಲೇ ಕಟ್ಟಳೆ ಕದಲುವುದಿಲ್ಲ, ಅಳತೆಯ ಹಗ್ಗವೇ ಉದ್ದ ಗಿಡ್ಡವಾಗುತ್ತದೆ. ನೀವು ಅನಾಮಲಿ ಎನ್ನುವುದನ್ನು ಹಿರಿಯರು ‘ಮಾಪಿನ ಊನ’ ಎನ್ನುತ್ತಿದ್ದರಂತೆ. ಆ ಪದವನ್ನು ಅವಳು ಹುಸೇನಸಾಬನ ಬಾಯಲ್ಲಿ ಕೇಳಿದ್ದಳು. ರಾಜನಿಗೆ ಎರಡು ಶಪಥ: ಎಡ ಬಲ ಬೇರೆ ಬೇರೆಯಾಗಿ ಬದಲಾಗಬಾರದು, ಎರಡೂ ಕೂಡಿದ ಮೊತ್ತ ಬದಲಾಗಬಾರದು. ಎರಡನ್ನೂ ಕಾಯುವ ಹಗ್ಗ ಈ ಸೃಷ್ಟಿಯಲ್ಲಿ ಇಲ್ಲ. ಒಂದನ್ನು ಬಿಡಬೇಕು. ಮೊತ್ತವನ್ನು ಉಳಿಸಿಕೊಂಡರೆ, ಮುಮ್ಮುಖದಲ್ಲಿ ಕಡಿಮೆಯಾದ ಬಲಗಾರ ಎಲ್ಲಿಯೂ ಮಾಯವಾಗಿಲ್ಲ. ಒತ್ತು ಬಿದ್ದಾಗ ನಡುಪದರದ ಮೂಲಕ ಹಾದು ಹಿಮ್ಮುಖದಲ್ಲಿ ಎಡಗಾರನಾಗಿ ಓಡುತ್ತಿದ್ದಾನೆ. ಅಲ್ಲಿ ಎಣಿಸುವವರೇ ಇಲ್ಲ. ಒಂದೇ ಮುಖದ ಪರದೆ ಎಂಬುದು ಪ್ರಕೃತಿಯಲ್ಲಿ ನಿಲ್ಲುವುದಿಲ್ಲ. ಒಂದು ಮುಖದ ಊನವನ್ನು ಇನ್ನೊಂದು ಮುಖ ತುಂಬಿಕೊಡುವುದರಿಂದಲೇ ಎರಡೂ ನಿಂತಿವೆ. ಇಷ್ಟೇ ಅಕ್ಕೋರೇ, ನಾನು ಎಲೆ ಜಗಿಯುವವರಿಗಾಗಿ ಕಡಿದು ಹಾಕಿದ್ದು.

ಇದೇ ಹೊತ್ತಿಗೆ ಪಂಚರು ತೀರ್ಮಾನ ಮಾಡಿದರು. ಚಳಿಗಾಲದ ಒಂಬತ್ತು ಒತ್ತು ಶುರುವಾಗುವ ಮೊದಲು ತೂತು ಮುಚ್ಚಬೇಕು. ತೂತು ಸಿಕ್ಕದಿದ್ದರೆ ನಡುಪದರವನ್ನೇ ಪೂರ್ತಿ ಗೋಂದಿನಿಂದ ತುಂಬಬೇಕು. ಗೋಂದು ಅಂದರೆ ಕಣವೊಂದೂ ದಾಟದ ಒಂದು ಕಪ್ಪು ಪಾಕ, ಸುರಿದ ಗಳಿಗೆಯಲ್ಲಿ ಕಲ್ಲಾಗುತ್ತದೆ. ದಾರಿ ಕಟ್ಟಿದರೆ ಮುಮ್ಮುಖ ಒಂಟಿಯಾಗುತ್ತದೆ, ಮೊದಲ ಒತ್ತಿಗೇ ಪರದೆ ಹರಿಯುತ್ತದೆ. ಸಾವಂತ್ರಿ ಕಾಲಿಗೆ ಬಿದ್ದು ಹೇಳಿದಳು. ಪಂಚರ ಹಿರಿಯ ಬಸಲಿಂಗಪ್ಪ ಕೆಟ್ಟವನಲ್ಲ, ಅವನಿಗೂ ಎರಡು ಪುಟ್ಟ ಮೊಮ್ಮಕ್ಕಳು. ಕಣ್ಣೀರು ತಂದುಕೊಂಡೇ ಕೇಳಿದ: “ತಂಗೀ, ನಾಟಕದಾಗ ಇದ್ರ ತೋರ್ಸವಾ. ಇಲ್ಲಾಂದ್ರ ನನ್ನ ಕೈಯಾಗ ಏನೈತಿ?” ತೋರಿಸುವುದೇನನ್ನು? ಅವಳು ಮನೆಗೆ ಬಂದು, ಸಾಮಾನಿನ ಪೆಟ್ಟಿಗೆಯಿಂದ ಹುಸೇನಸಾಬನ ಹಗ್ಗ ತೆಗೆದು ಸೊಂಟಕ್ಕೆ ಸುತ್ತಿಕೊಂಡಳು. ಹಿಮ್ಮುಖಕ್ಕೆ ಹೋಗಿ ಎಡಗಾರರನ್ನು ಎಣಿಸಿ ಬರುತ್ತೇನೆ, ಬಲಗಾರರ ಕೊರತೆಗೆ ಒಂದೊಂದು ಕೆಂಪು ಗಂಟು, ಎಡಗಾರರ ಹೆಚ್ಚಳಕ್ಕೆ ಒಂದೊಂದು ಹಸಿರು ಗಂಟು, ಸರಿಹೋದರೆ ಕುರುಡನೂ ಕೈಯಾಡಿಸಿ ಒಪ್ಪುತ್ತಾನೆ ಎಂದಳು. ನಡುಪದರದೊಳಗೆ ಮುನ್ನೂರು ಮೊಳ ಹೊಟ್ಟೆಯ ಮೇಲೆ ತೆವಳಬೇಕು. ಕಣ್ಣೀರು ರೆಪ್ಪೆಯಲ್ಲೇ ಹೆಪ್ಪುಗಟ್ಟುವ ಚಳಿ, ಸದ್ದು ಹಾಯುವುದಿಲ್ಲ. ಮೊನ್ನೆ ಹೋದಳು. ಇನ್ನೂ ಬಂದಿಲ್ಲ. ನಡುಪದರದ ಬಾಯಿಯ ಬಳಿ ನಿಂತು ಪಂಚರು ಮೂರು ಸಲ ಕೂಗಿದರು, ಉತ್ತರ ಬರಲಿಲ್ಲ. ತಪ್ಪು ಮಾಡಿದ್ದಕ್ಕೇ ಓಡಿಹೋಗಿದ್ದಾಳೆ, ಒಳಗೆ ಯಾರೂ ಇಲ್ಲ ಎಂದರು.

ನಿನ್ನೆ ಸಭೆ ಸೇರಿತು. ನಮ್ಮ ಸಭೆ ಸೇರುವುದು ರಂಗದ ಮೇಲೆ, ಜನ ಕೂರುವುದು ಡೇರೆಯಲ್ಲಿ. ನಾನು ವೇಷವಿಲ್ಲದೆ, ಬಣ್ಣವಿಲ್ಲದೆ ನಡುವೆ ಹೋಗಿ ನಿಂತೆ. ಅಳತೆಗಾರನ ಪ್ರವೇಶವಿತ್ತು, ಅದನ್ನು ಕಡಿದವನು ನಾನು, ಅದರ ಎತ್ತುಗಡೆ ನನಗೆ ಇನ್ನೂ ನೆನಪಿದೆ ಎಂದೆ: ‘ಎರಡೂ ಮುಖ ಕೂಡಿಸಿ ಎಣಿಸು, ರಾಜಾ.’ ಬಸಲಿಂಗಪ್ಪ ತಲೆ ಅಲ್ಲಾಡಿಸಿದ. “ಎತ್ತುಗಡಿ ಮಾತು ನಿಂದಲ್ಲ, ಹುಸೇನಸಾಬಂದು. ನಿನ್ನ ಬಾಯಾಗ ಅದು ಸಾಕ್ಷಿ ಆಗೂದಿಲ್ಲ ದುಂಡೆಪ್ಪಣ್ಣಾ. ನೀನ ಮಾಡಿದ ಕಾಯ್ದೆ ಅಲ್ಲೇನು ಅದು?” ನಿಜ, ನಟರ ಸಂಘದ ಹಿರಿಯನಾಗಿ ಆ ನಿಯಮವನ್ನು ಬಿಗಿ ಮಾಡಿದವನೂ ನಾನೇ. ಆಗ ನನ್ನ ಎದೆ ಒಡೆಯಿತು. ಮೊಣಕಾಲೂರಿ, ಎರಡೂ ಕೈ ಚಾಚಿ, ನನ್ನ ಕೂಸು ಒಳಗದಾಳ, ಗೋಂದ ಸುರೀಬ್ಯಾಡ್ರೋ, ನನ್ನ ಕೂಸಿನ ಮ್ಯಾಲ ಸುರೀಬ್ಯಾಡ್ರೋ ಎಂದು ಅತ್ತೆ. ಅಕ್ಕೋರೇ, ಮೂವತ್ತೆರಡು ವರ್ಷದಲ್ಲಿ ನಾನು ರಂಗದ ಮೇಲೆ ಆಡಿದ ಮೊದಲ ನಿಜದ ಮಾತು ಅದು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮೂರನೇ ಸಾಲಿನಿಂದ ಯಾರೋ ಗದ್ಗದ ಕಂಠದಲ್ಲಿ ಕೂಗಿದರು, “ವನ್ಸ್ ಮೋರ್!” ಇನ್ನೊಬ್ಬ ಎದ್ದು ನಿಂತ: “ಏ ದುಂಡೆಪ್ಪಾ, ಆ ಅಳೂದು ಇನ್ನೊಮ್ಮೆ ಮಾಡೋ ಮಾರಾಯಾ, ಹಿಂದ ಕುಂತವರಿಗೆ ಕಾಣಲಿಲ್ಲ!” ಇಡೀ ಡೇರೆ ಮೊರೆಯಿತು. ವನ್ಸ್ ಮೋರ್, ವನ್ಸ್ ಮೋರ್.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬರೀ ದುರದೃಷ್ಟವಂತ. ನಿಲ್ಲಿಸಲಿಲ್ಲ. ಆ ಕೂಗು ಕಿವಿಗೆ ಬಿದ್ದದ್ದೇ ತಡ, ನನ್ನ ಕಾಲು ತಾನಾಗಿ ಎರಡು ಹೆಜ್ಜೆ ಹಿಂದೆ ಸರಿಯಿತು. ಎದೆ ಉಬ್ಬಿತು. ಮೊಣಕಾಲೂರಿದೆ, ಕೈ ಚಾಚಿದೆ. ಅದೇ ಮಾತು, ಅದೇ ಬಿಕ್ಕು, ಅದೇ ಜಾಗದಲ್ಲಿ ಒಡೆಯುವ ದನಿ, ಹಿಂದಿನ ಸಾಲಿಗೂ ಕಾಣುವಂತೆ ಸ್ವಲ್ಪ ಬಲಕ್ಕೆ ತಿರುಗಿ, ಎರಡನೇ ಸಲ ಅತ್ತುಬಿಟ್ಟೆ. ನಾನು ಮಾಡಿದ್ದೇನೆಂದು ನನಗೇ ಅರಿವಾದದ್ದು ಮುಗಿಯುವಾಗ. ಬಸಲಿಂಗಪ್ಪ ನನ್ನನ್ನು ನೋಡಿದ ನೋಟವನ್ನು ನಿಮಗೆ ಬರೆಯಲಾರೆ. ಮಗಳು ನಿಜವಾಗಿ ಒಳಗಿದ್ದಿದ್ದರೆ ಯಾವ ತಂದೆ ಹೀಗೆ ಎರಡು ಸಲ ಅತ್ತಾನು? ತೀರ್ಪು ಸಾರಿದರು. ಇಂದು ಮೂರನೇ ಗಂಟೆಗೆ ಗೋಂದು.

ಈಗ ನನ್ನ ಕೋರಿಕೆ. ನೀವು ಎರಡನೇ ಅಂಕ ಮುಗಿಸಿ ಮೂರನೆಯದಕ್ಕೆ ಹಾಳೆ ತೆಗೆದಿರುವ ಹೊತ್ತಿಗೆ ಈ ಓಲೆ ನಿಮ್ಮ ಕೈ ಸೇರಲಿ ಎಂದು ಬೇಡುತ್ತೇನೆ. ಅಳತೆಗಾರನ ಪ್ರವೇಶ ಬರೆಯಬೇಡಿ! ಆ ಪಾತ್ರವನ್ನು ಹುಟ್ಟುವ ಮೊದಲೇ ಅಳಿಸಿಬಿಡಿ. ಹುಸೇನಸಾಬ ನನ್ನನ್ನೇ ಕ್ಷಮಿಸಿದವನು, ನಿಮ್ಮನ್ನು ಕ್ಷಮಿಸದಿರುತ್ತಾನೆಯೇ? ಸತ್ಯವನ್ನು ಹರಕು ಅಂಗಿಯ ಮೆಲುದನಿಯವನ ಕೈಗೆ ಕೊಟ್ಟರೆ ಯಾವನೋ ಒಬ್ಬ ದುಂಡೆಪ್ಪ ಯಾವತ್ತಾದರೂ ಅದನ್ನು ಕಡಿದೇ ಕಡಿಯುತ್ತಾನೆ. ಅವನ ಮಾತನ್ನು ರಾಜನ ಬಾಯಿಗೆ ತುರುಕಿ. ಕಿರೀಟ ನೆತ್ತಿಗೆ ಇಳಿಯುವ ಗಳಿಗೆಯಲ್ಲಿ, ತುತ್ತೂರಿ ನಿಂತು ಡೇರೆ ಉಸಿರು ಬಿಗಿಹಿಡಿದಾಗ, ಸಮಾಂಗನೇ ಹೇಳಲಿ: ನನ್ನ ಕಟ್ಟಳೆ ಸಮ, ಆದರೆ ಅಳತೆ ಸಮವಲ್ಲ, ಈ ಮುಖದಲ್ಲಿ ಕಳೆದವನು ಆ ಮುಖದಲ್ಲಿ ಓಡುತ್ತಿದ್ದಾನೆ, ಎರಡೂ ಕೂಡಿಸಿ ಎಣಿಸಿರಿ, ನಡುವಿನ ದಾರಿಯನ್ನು ಮುಚ್ಚದಿರಿ. ಪ್ರಾಸ ಗೀಸ ನಿಮಗೆ ಬಿಟ್ಟದ್ದು. ಒಂದೇ ಉಸಿರಿಗೆ ನಿಲುಕುವಷ್ಟು ಇರಲಿ. ಕೊನೆಯಲ್ಲಿ ಒಂದು ದೀರ್ಘ ಸ್ವರ ಇರಲಿ, ಹಿಂದಿನ ಸಾಲಿನ ತನಕ ಎಳೆಯಲು. ದೀರ್ಘ ಸ್ವರ ಇರುವ ಮಾತನ್ನು ಯಾವ ರಾಜಪಾರ್ಟಿನವನೂ ಬಿಟ್ಟುಕೊಡುವುದಿಲ್ಲ, ನನ್ನ ಮಾತು ನಂಬಿ. ಚಪ್ಪಾಳೆ ಬೀಳುವ ಜಾಗದಲ್ಲಿ ಸತ್ಯವನ್ನು ಇಡಿ ಅಕ್ಕೋರೇ. ನಮ್ಮಂಥವರು ಕಾಯುವುದು ಆ ಜಾಗವೊಂದನ್ನೇ.

ಎರಡನೇ ಗಂಟೆ ಬಾರಿಸಿತು. ಅವಸರದಲ್ಲಿ ಅಕ್ಷರ ಓರೆಯಾದರೆ ಮನ್ನಿಸಿ. ಬೀದಿಯಲ್ಲಿ ಗೋಂದಿನ ಕೊಪ್ಪರಿಗೆಗಳನ್ನು ಉರುಳಿಸಿಕೊಂಡು ಹೋಗುತ್ತಿದ್ದಾರೆ. ಇಂದು ಸರಿ ದಿನ, ಎಲ್ಲರೂ ಬಲಬಾಗಿಲಿನಿಂದ ಹೊರಬಂದು ನೋಡುತ್ತಿದ್ದಾರೆ. ಕಿರೀಟವನ್ನು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಹುಸೇನಸಾಬನ ಹರಕು ಅಂಗಿ ನನ್ನ ಎದೆಗೆ ಬಿಗಿಯಾಗುತ್ತದೆ, ಆದರೂ ತೊಟ್ಟಿದ್ದೇನೆ. ನಡುಪದರದ ಬಾಯಲ್ಲಿ ಅಡ್ಡ ಮಲಗುತ್ತೇನೆ. ಸುರಿಯುವವರು ಮೊದಲು ನನ್ನ ಮೇಲೆ ಸುರಿಯಲಿ. ಒಳಗಿನಿಂದ ಒಂದು ಹಗ್ಗದ ತುದಿ ಬಂದು ನನ್ನ ಕಾಲಿಗೆ ತಾಗೀತೇ ಎಂದು ಕಾಯುತ್ತೇನೆ. ಅಷ್ಟು ಬಿಟ್ಟರೆ ನನ್ನ ಕೈಯಲ್ಲಿ ಏನೂ ಇಲ್ಲ. ಉಳಿದದ್ದೆಲ್ಲ ನಿಮ್ಮ ಕೈಯಲ್ಲಿ, ಇನ್ನೂ ಖಾಲಿ ಇರುವ ನಿಮ್ಮ ಹಾಳೆಯಲ್ಲಿ.

ನೀವು ಹಾಗೆ ಬರೆದರೆ ಈ ಓಲೆ ಬರೆದ ದುಂಡೆಪ್ಪ ಇರುವುದಿಲ್ಲ. ಚಿಂತೆಯಿಲ್ಲ, ಹೋಗಲಿ. ಅವನ ಜಾಗದಲ್ಲಿ ಇನ್ನೊಬ್ಬ ಇರುತ್ತಾನೆ, ಇಷ್ಟೇ ಗರ್ವದವನು, ಇಷ್ಟೇ ದಡ್ಡ. ಕಿರೀಟ ಇಳಿಯುವಾಗ ಆ ಮಾತನ್ನು ಅರ್ಥ ತಿಳಿಯದೆ ಗುಡುಗುತ್ತಾನೆ. ಜನ ವನ್ಸ್ ಮೋರ್ ಎನ್ನುತ್ತಾರೆ. ಅವನು ಎರಡು ಹೆಜ್ಜೆ ಹಿಂದೆ ಸರಿದು, ಎದೆ ಉಬ್ಬಿಸಿ, ಎರಡನೇ ಸಲ ಗುಡುಗುತ್ತಾನೆ. ಪಕ್ಕದಲ್ಲಿ, ಗಂಟೆ ಬಾರಿಸುವ ಮುದುಕನ ತೊಡೆಯ ಮೇಲೆ, ಐದು ವರ್ಷದ ಸಾವಂತ್ರಿ ಬೆರಳು ಮಡಚುತ್ತಾ ಎರಡೂ ಸಲ ಕೇಳಿಸಿಕೊಳ್ಳುತ್ತಾಳೆ.